ಸಿಂಗಪುರದ ಹಾಕರ್ ಸೆಂಟರ್: ಅಗ್ಗದ ತಟ್ಟೆಯ ಹಿಂದಿನ ವ್ಯವಸ್ಥೆ

ಆಗ್ನೇಯ ಏಷ್ಯಾದ ನಗರಗಳಲ್ಲಿ ಹೊರಗಿನ ಊಟವೆಂಬುದು ಹಬ್ಬಕ್ಕೋ ರಜೆಗೋ ಮೀಸಲಾದ ಸಂಗತಿಯಲ್ಲ. ಬ್ಯಾಂಕಾಕ್, ಪೆನಾಂಗ್, ಜಕಾರ್ತಾ, ಸಿಂಗಪುರಗಳಲ್ಲಿ ಕಾರ್ಮಿಕರು, ಕಚೇರಿ ನೌಕರರು, ವಿದ್ಯಾರ್ಥಿಗಳು, ವೃದ್ಧರು ಹೀಗೆ ಎಲ್ಲ ಬಗೆಯ ಜನರೂ ದಿನದ ಒಂದು ಹೊತ್ತಿಗಾದರೂ ಬೀದಿಯ ಅಡುಗೆಯನ್ನೇ ನೆಚ್ಚಿಕೊಂಡಿರುವುದರಿಂದ, ಆ ಅಡುಗೆ ಮಾಡಿ ಮಾರುವವರ ಕಸುಬು ನಗರಜೀವನದ ಅಗತ್ಯ ಸೇವೆಗಳಲ್ಲಿ ಒಂದಾಗಿ ಬೆಳೆದಿದೆ. ಇಂಥ ವ್ಯಾಪಾರಿಗಳನ್ನು ಬ್ರಿಟಿಷರ ಕಾಲದಿಂದಲೂ ಹಾಕರ್ ಎಂದು ಕರೆಯುತ್ತ ಬರಲಾಗಿದ್ದು, ಅವರನ್ನು ಬೀದಿಯಿಂದ ಎಬ್ಬಿಸಿ ಒಂದೇ ಸೂರಿನಡಿ ನೆಲೆಗೊಳಿಸಿದ ಕಟ್ಟಡಕ್ಕೆ ಸಿಂಗಪುರದಲ್ಲಿ ಹಾಕರ್ ಸೆಂಟರ್ ಎಂದು ಹೆಸರು. ಆ ಪುಟ್ಟ ದ್ವೀಪರಾಷ್ಟ್ರದಲ್ಲಿ ಈಗ ಇಂಥ 110ಕ್ಕೂ ಹೆಚ್ಚು ಕೇಂದ್ರಗಳಿವೆ. 2020ರ ಡಿಸೆಂಬರ್ 16ರಂದು ಯುನೆಸ್ಕೊ ಸಂಸ್ಥೆಯು ಸಿಂಗಪುರದ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಸಿಂಗಪುರಕ್ಕೆ ದೊರೆತ ಮೊದಲ ಸ್ಥಾನವೇ ಅದು.

ಪ್ರವಾಸಿಗರ ಬರಹಗಳಲ್ಲಿ ಹಾಕರ್ ಸೆಂಟರ್ ಎಂದರೆ ಹಳೆಯ ಏಷ್ಯಾದ ಬೀದಿಬದುಕು ಹೇಗೋ ಉಳಿದು ಬಂದ ತಾಣವೆಂಬ ಚಿತ್ರಣವೇ ಹೆಚ್ಚು. ವಸ್ತುಸ್ಥಿತಿ ಬೇರೆ. ಅಲ್ಲಿನ ತಿನಿಸುಗಳು ಹಳೆಯವೇ ಆದರೂ ಅವು ಮಾರಾಟವಾಗುವ ವ್ಯವಸ್ಥೆ ಅರ್ಧ ಶತಮಾನದಷ್ಟೇ ಹಳೆಯದು, ಮತ್ತು ಅದು ತಾನಾಗಿ ಬೆಳೆದದ್ದಲ್ಲ, ಸರ್ಕಾರ ಯೋಜಿಸಿ ಕಟ್ಟಿದ್ದು. ಬೀದಿಯ ವ್ಯಾಪಾರಿ ತನ್ನ ಸಂಚಾರವನ್ನು ಬಿಟ್ಟುಕೊಟ್ಟದ್ದು, ಅದಕ್ಕೆ ಪ್ರತಿಯಾಗಿ ಸರ್ಕಾರ ಸೂರು, ನೀರು, ಚರಂಡಿ ಮತ್ತು ಕಡಿಮೆ ಬಾಡಿಗೆ ಒದಗಿಸಿದ್ದು, ಉಣ್ಣುವವನು ಬಡಿಸಿಕೊಳ್ಳುವ ಮತ್ತು ತಟ್ಟೆ ಎತ್ತುವ ಕೆಲಸವನ್ನು ತಾನೇ ವಹಿಸಿಕೊಂಡದ್ದು, ಈ ಮೂರೂ ಸೇರಿದಾಗ ಮಾತ್ರ ಅಲ್ಲಿನ ಊಟ ಅಗ್ಗವಾಗಿ ಸಿಗುವುದು ಸಾಧ್ಯವಾಯಿತು.

ಬೀದಿಯಿಂದ ಸೂರಿನಡಿಗೆ

1819ರಲ್ಲಿ ಬ್ರಿಟಿಷರು ಸಿಂಗಪುರದಲ್ಲಿ ವ್ಯಾಪಾರದ ಠಾಣೆ ತೆರೆದ ಮೇಲೆ ದಕ್ಷಿಣ ಚೀನಾ, ಮಲಯ ದ್ವೀಪಸಮೂಹ ಮತ್ತು ದಕ್ಷಿಣ ಭಾರತದಿಂದ ಕೂಲಿಗಾಗಿ ಬಂದವರಲ್ಲಿ ಹೆಚ್ಚಿನವರು ಸಂಸಾರವನ್ನು ಊರಿನಲ್ಲೇ ಬಿಟ್ಟು ಬಂದ ಗಂಡಸರಾಗಿದ್ದರು. ಇಕ್ಕಟ್ಟಿನ ಕೋಣೆಗಳಲ್ಲಿ ಹತ್ತಾರು ಜನ ಮಲಗುತ್ತಿದ್ದ ಅವರಿಗೆ ಅಡುಗೆ ಮಾಡಿಕೊಳ್ಳಲು ಜಾಗವೂ ಇರಲಿಲ್ಲ, ಬಿಡುವೂ ಇರಲಿಲ್ಲ. ಹೆಗಲ ಮೇಲೆ ಅಡ್ಡೆ ಹೊತ್ತು, ಅದರ ಒಂದು ತುದಿಗೆ ಒಲೆಯನ್ನೂ ಇನ್ನೊಂದು ತುದಿಗೆ ಪಾತ್ರೆ ಪದಾರ್ಥಗಳನ್ನೂ ತೂಗುಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದ ವ್ಯಾಪಾರಿಗಳು ಈ ಕೊರತೆಯನ್ನು ತುಂಬಿದರು. ದೊಡ್ಡ ಬಂಡವಾಳ ಬೇಡದ ಕಸುಬಾದ್ದರಿಂದ ಬೇರೆ ಕೆಲಸ ಸಿಗದವರೂ ಇದಕ್ಕೇ ಇಳಿಯುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಿರುದ್ಯೋಗ ಹೆಚ್ಚಿದಾಗ ಬೀದಿಗಳು ಇಂಥ ಗಾಡಿಗಳಿಂದ ಕಿಕ್ಕಿರಿದವು.

ಆಡಳಿತಕ್ಕೆ ಇದು ನುಂಗಲಾರದ ತುತ್ತಾಗಿತ್ತು. ಹಾಕರ್‌ಗಳಿಲ್ಲದಿದ್ದರೆ ಬಡವರಿಗೆ ಅಗ್ಗದ ಊಟವಿಲ್ಲ, ಹಾಕರ್‌ಗಳಿದ್ದರೆ ರಸ್ತೆಯಲ್ಲಿ ಓಡಾಟಕ್ಕೆ ಎಡೆಯಿಲ್ಲ. ನಲ್ಲಿನೀರಿನ ಸೌಲಭ್ಯವಿಲ್ಲದ ಗಾಡಿಯಲ್ಲಿ ಒಂದೇ ಬಕೆಟ್ಟಿನಲ್ಲಿ ನೂರಾರು ತಟ್ಟೆಗಳನ್ನು ಅದ್ದಿ ತೆಗೆಯುವುದರಿಂದ ಕಾಲರಾ, ಟೈಫಾಯ್ಡ್‌ಗಳು ಹರಡುವ ಭಯವಿತ್ತು. ಮುಸುರೆಯೆಲ್ಲ ಮಳೆನೀರಿನ ಚರಂಡಿಯ ಮೂಲಕ ನದಿ ಸೇರುತ್ತಿತ್ತು. 1950ರಲ್ಲಿ ವಸಾಹತು ಸರ್ಕಾರ ಹಾಕರ್‌ಗಳ ಸಮಸ್ಯೆಯನ್ನು ಪರಿಶೀಲಿಸಲೆಂದೇ ವಿಚಾರಣಾ ಆಯೋಗವೊಂದನ್ನು ನೇಮಿಸಿತಾದರೂ, ಪರಿಸ್ಥಿತಿಯಲ್ಲಿ ನಿಜವಾದ ಬದಲಾವಣೆ ಬಂದದ್ದು 1965ರಲ್ಲಿ ಸಿಂಗಪುರ ಸ್ವತಂತ್ರ ರಾಷ್ಟ್ರವಾದ ಬಳಿಕವೇ.

ಹೊಸ ಸರ್ಕಾರ ಮೊದಲು ಮಾಡಿದ ಕೆಲಸ ಎಣಿಕೆ. 1968–69ರಲ್ಲಿ ಇಡೀ ದ್ವೀಪದಲ್ಲಿ ನೋಂದಣಿ ನಡೆಸಿ ಸುಮಾರು 18,000 ಬೀದಿ ವ್ಯಾಪಾರಿಗಳಿಗೆ ತಾತ್ಕಾಲಿಕ ಪರವಾನಗಿ ನೀಡಲಾಯಿತು, ಮುಖ್ಯರಸ್ತೆಗಳಲ್ಲಿದ್ದವರನ್ನು ಹಿತ್ತಲ ಓಣಿಗಳಿಗೂ ವಾಹನ ನಿಲ್ದಾಣಗಳಿಗೂ ಸರಿಸಲಾಯಿತು. ಓಡಿಸಿದರೆ ಮತ್ತೆ ಮರಳಿ ಬರುತ್ತಾರೆಂಬುದು ಹಿಂದಿನ ದಶಕಗಳ ಪಾಠವಾಗಿದ್ದರಿಂದ, ಹೋಗಲು ಜಾಗ ಕೊಟ್ಟು ಎಬ್ಬಿಸುವುದೇ ಹೊಸ ನೀತಿಯಾಯಿತು. 1971ರಿಂದ 1986ರವರೆಗೆ ಒಂದೊಂದಾಗಿ ಹಾಕರ್ ಸೆಂಟರ್‌ಗಳನ್ನು ಕಟ್ಟಿ, ಪರವಾನಗಿ ಪಡೆದವರಿಗೆ ಅಲ್ಲಿ ಮಳಿಗೆ ಹಂಚುವ ಕಾರ್ಯ ನಡೆಯಿತು. 1977ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಅವರು ಸಿಂಗಪುರ ನದಿಯನ್ನು ಹತ್ತು ವರ್ಷಗಳಲ್ಲಿ ಶುದ್ಧಗೊಳಿಸಬೇಕೆಂದು ಗುರಿ ಇಟ್ಟಾಗ, ನದಿಪಾತ್ರದ ಆಸುಪಾಸಿನ ಸಾವಿರಾರು ಗಾಡಿಗಳನ್ನು ತೆರವು ಮಾಡಿ ಕೇಂದ್ರಗಳಿಗೆ ಸಾಗಿಸುವುದು ಆ ಕಾರ್ಯದ ಮುಖ್ಯ ಭಾಗವಾಯಿತು. 1986ರ ಹೊತ್ತಿಗೆ ಬೀದಿಯಲ್ಲಿ ನಿಂತು ಅಡುಗೆ ಮಾಡುವ ಕಸುಬು ಸಿಂಗಪುರದಲ್ಲಿ ಬಹುಮಟ್ಟಿಗೆ ಮುಗಿದಿತ್ತು.

ಇದೇ ಕಾಲದಲ್ಲಿ ವಸತಿ ಮಂಡಳಿ ಕಟ್ಟಿದ ಬಹುಮಹಡಿ ಬಡಾವಣೆಗಳಿಗೆ ಜನ ಗುಂಪು ಗುಂಪಾಗಿ ಸ್ಥಳಾಂತರಗೊಳ್ಳುತ್ತಿದ್ದರು. ಇಂದಿಗೂ ದೇಶದ ನಿವಾಸಿಗಳಲ್ಲಿ ಸುಮಾರು ಶೇ. 80ರಷ್ಟು ಜನ ವಾಸಿಸುವ ಈ ಬಡಾವಣೆಗಳ ಯೋಜನೆಯಲ್ಲಿ ಶಾಲೆ, ಬಸ್ ನಿಲ್ದಾಣಗಳಂತೆ ಹಾಕರ್ ಸೆಂಟರ್‌ಗೂ ಜಾಗ ಮೀಸಲಿಟ್ಟದ್ದರಿಂದ, ಅದು ಪೇಟೆಯ ಆಕರ್ಷಣೆಯಾಗುವ ಬದಲು ಮನೆಯ ಪಕ್ಕದ ಸೌಕರ್ಯವಾಯಿತು. ಅನೇಕ ಕಡೆ ಕಟ್ಟಡದ ಒಂದು ಭಾಗದಲ್ಲಿ ತರಕಾರಿ, ಮೀನು, ಮಾಂಸದ ಸಂತೆಯೂ ಇನ್ನೊಂದು ಭಾಗದಲ್ಲಿ ಊಟದ ಮಳಿಗೆಗಳೂ ಇರುವ ಜೋಡಣೆ ಈ ಯೋಜನೆಯದೇ ಫಲ.

ಒಳಗಿನ ಕ್ರಮ

ಹಾಕರ್ ಸೆಂಟರ್ ಹವಾನಿಯಂತ್ರಣವಿಲ್ಲದ, ನಾಲ್ಕೂ ಕಡೆ ಗಾಳಿಗೆ ತೆರೆದ, ಎತ್ತರದ ಚಾವಣಿಯ ಕಟ್ಟಡ. ಮೇಲೆ ದೊಡ್ಡ ಫ್ಯಾನುಗಳು ತಿರುಗುತ್ತಿರುತ್ತವೆ. ನೆಲಕ್ಕೆ ಗಟ್ಟಿಯಾಗಿ ಕೂರಿಸಿದ ಮೇಜು ಮತ್ತು ಕುರ್ಚಿಗಳ ಸಾಲುಗಳ ಸುತ್ತ, ಒಬ್ಬರೋ ಇಬ್ಬರೋ ನಿಂತು ಕೆಲಸ ಮಾಡುವಷ್ಟೇ ಅಗಲದ ಮಳಿಗೆಗಳು ಒತ್ತೊತ್ತಾಗಿರುತ್ತವೆ. ಪ್ರತಿ ಮಳಿಗೆಗೂ ನಲ್ಲಿ, ಚರಂಡಿ, ವಿದ್ಯುತ್ತು ಮತ್ತು ಹೊಗೆ ಎಳೆಯುವ ಕೊಳವೆ ಇರುತ್ತವೆ. ಮೇಲ್ಭಾಗದ ಫಲಕದಲ್ಲಿ ಮಳಿಗೆಯ ಸಂಖ್ಯೆ, ಹೆಸರು ಮತ್ತು ತಿನಿಸುಗಳ ಚಿತ್ರಗಳಿರುತ್ತವೆ. ಶುಚಿತ್ವದ ತಪಾಸಣೆ ನಡೆಸಿ ಮಳಿಗೆಗಳಿಗೆ ಅಕ್ಷರದ ದರ್ಜೆ ನೀಡಿ, ಅದನ್ನು ಗ್ರಾಹಕರಿಗೆ ಕಾಣುವಂತೆ ತೂಗುಹಾಕಿಸುವ ಪದ್ಧತಿ 1997ರಲ್ಲಿ ಆರಂಭವಾಯಿತು. ಕೇಂದ್ರಗಳ ಮೇಲ್ವಿಚಾರಣೆ ರಾಷ್ಟ್ರೀಯ ಪರಿಸರ ಸಂಸ್ಥೆಯದು. ಅದರ ವೇಳಾಪಟ್ಟಿಯಂತೆ ಪ್ರತಿ ಕೇಂದ್ರವೂ ವರ್ಷದಲ್ಲಿ ಕೆಲವು ಸಲ ಸಂಪೂರ್ಣವಾಗಿ ಮುಚ್ಚಿ ತೊಳೆಸಿಕೊಳ್ಳುತ್ತದೆ.

ಎಲ್ಲ ಕೇಂದ್ರಗಳೂ ಒಂದೇ ಅಚ್ಚಿನವಲ್ಲ. ಚೈನಾಟೌನ್ ಕಾಂಪ್ಲೆಕ್ಸ್‌ನ ಎರಡನೆಯ ಮಹಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಊಟದ ಮಳಿಗೆಗಳಿದ್ದು, ಅದು ದೇಶದ ಅತಿ ದೊಡ್ಡ ಹಾಕರ್ ಸೆಂಟರ್. ಕಚೇರಿ ಪ್ರದೇಶಕ್ಕೆ ಸಮೀಪದ ಮ್ಯಾಕ್ಸ್‌ವೆಲ್ ಮತ್ತು ಅಮೋಯ್ ಸ್ಟ್ರೀಟ್ ಕೇಂದ್ರಗಳು ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯವರೆಗೆ ನೌಕರರಿಂದ ತುಂಬಿ ತುಳುಕುತ್ತವೆ. ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದು ತರಿಸಿದ ಕಬ್ಬಿಣದ ಕಂಬ ಮತ್ತು ಕಮಾನುಗಳಿಂದ 1894ರಲ್ಲಿ ನಿರ್ಮಾಣಗೊಂಡ ಎಂಟು ಮೂಲೆಯ ಲಾವ್ ಪಾ ಸಾತ್ ಮಾರುಕಟ್ಟೆಯು ಈಗ ಗಗನಚುಂಬಿ ಕಟ್ಟಡಗಳ ನಡುವಿನ ಊಟದ ತಾಣವಾಗಿದ್ದು, ಸಂಜೆಯಾದರೆ ಅದರ ಪಕ್ಕದ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ ಇದ್ದಿಲ ಒಲೆಗಳನ್ನು ಹೂಡಲಾಗುತ್ತದೆ. ಅಲ್ಲಿ ಸುಡುವುದು ಸಾತೇ, ಅಂದರೆ ಅರಿಶಿನ, ನಿಂಬೆಹುಲ್ಲು ಮೊದಲಾದವುಗಳಲ್ಲಿ ನೆನೆಸಿದ ಮಾಂಸದ ತುಣುಕುಗಳನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಬೀಸಣಿಗೆಯಿಂದ ಗಾಳಿ ಹಾಕುತ್ತ ಸುಟ್ಟು, ಕಡಲೆಕಾಯಿಯ ಗಟ್ಟಿ ಸಾರಿನೊಡನೆ ಕೊಡುವ ಮಲಯ ತಿನಿಸು.

ಜನಜಂಗುಳಿಯ ಹೊತ್ತಿನಲ್ಲಿ ಇಲ್ಲಿ ಉಣ್ಣುವುದಕ್ಕೂ ಒಂದು ಕ್ರಮವಿದೆ. ಮೊದಲು ಜಾಗ ಹಿಡಿಯಬೇಕು, ಆಮೇಲೆ ಊಟ ತರಬೇಕು. ಖಾಲಿ ಕುರ್ಚಿಯ ಮುಂದೆ ಟಿಶ್ಯೂ ಕಾಗದದ ಪೊಟ್ಟಣವನ್ನೋ ಕೊಡೆಯನ್ನೋ ಇಟ್ಟರೆ ಆ ಜಾಗ ಹಿಡಿದಾಯಿತೆಂದೇ ಅರ್ಥ. ಸ್ಥಳೀಯರು ಚೋಪ್ ಮಾಡುವುದು ಎನ್ನುವ ಈ ರೂಢಿಗೆ ಕಾನೂನಿನ ಬಲವಿಲ್ಲದಿದ್ದರೂ ಹೆಚ್ಚಿನವರು ಅದನ್ನು ಮೀರುವುದಿಲ್ಲ. ಮೇಜು ಪೂರ್ತಿ ಖಾಲಿಯಾಗುವ ತನಕ ಕಾಯುವ ಪದ್ಧತಿಯಿಲ್ಲದ ಕಾರಣ ಅಪರಿಚಿತರು ಎದುರುಬದುರು ಕುಳಿತು ಉಣ್ಣುವುದು ಸಹಜ. ಬಳಿಕ ಮಳಿಗೆಯ ಮುಂದಿನ ಸಾಲಿನಲ್ಲಿ ನಿಂತು, ಬೇಕಾದ್ದನ್ನು ಎರಡು ಮಾತಿನಲ್ಲಿ ಹೇಳಿ, ನಗದಿನಿಂದಲೋ ಕ್ಯೂಆರ್ ಸಂಕೇತದಿಂದಲೋ ಹಣ ಕೊಟ್ಟು, ತಟ್ಟೆಯನ್ನು ಟ್ರೇಯಲ್ಲಿ ಇಟ್ಟುಕೊಂಡು ಮೇಜಿಗೆ ಮರಳಬೇಕು. ಉದ್ದನೆಯ ಸಾಲು ಒಳ್ಳೆಯ ಅಡುಗೆಯ ಗುರುತೆಂದು ಜನ ನಂಬುತ್ತಾರೆ. ಆದರೆ ಒಂದೊಂದೇ ತಟ್ಟೆ ಮಾಡುವ ಮಳಿಗೆಯ ಮುಂದೆ ಸಾಲು ತಾನಾಗಿ ಉದ್ದವಾಗುವುದೂ ಉಂಟು.

ಒಂದು ಮಳಿಗೆ, ಒಂದು ತಿನಿಸು

ಹೋಟೆಲಿನ ಅಡುಗೆಮನೆಯೊಂದು ಐವತ್ತು ಬಗೆಯ ತಿಂಡಿಗಳನ್ನು ಹೊರಡಿಸಿದರೆ, ಹಾಕರ್ ಮಳಿಗೆ ಸಾಮಾನ್ಯವಾಗಿ ಒಂದೇ ತಿನಿಸನ್ನೋ ಅದರ ಎರಡು ಮೂರು ರೂಪಾಂತರಗಳನ್ನೋ ಮಾಡುತ್ತದೆ. ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ತಿರುಗಲು ಆಗುತ್ತಿದ್ದದ್ದೇ ಅಷ್ಟು. ಆ ಮಿತಿಯೇ ಮುಂದೆ ಪರಿಣತಿಯ ದಾರಿಯಾಯಿತು. ಮೂವತ್ತು ನಲವತ್ತು ವರ್ಷ ಒಂದೇ ಪದಾರ್ಥವನ್ನು ದಿನಕ್ಕೆ ನೂರಾರು ಬಾರಿ ಮಾಡಿದವರ ಕೈಗೆ ಅಳತೆಯ ಬಟ್ಟಲು ಬೇಕಾಗುವುದಿಲ್ಲ. ಉಣ್ಣುವವರು ನಾಲ್ಕು ಮಳಿಗೆಗಳಿಂದ ನಾಲ್ಕು ಬಗೆ ತಂದು ಒಂದೇ ಮೇಜಿನಲ್ಲಿ ಹಂಚಿಕೊಳ್ಳುವುದರಿಂದ ವೈವಿಧ್ಯಕ್ಕೂ ಕೊರತೆಯಿಲ್ಲ.

ಹೈನಾನೀ ಚಿಕನ್ ರೈಸ್ ಇದಕ್ಕೆ ಒಳ್ಳೆಯ ನಿದರ್ಶನ. ದಕ್ಷಿಣ ಚೀನಾದ ಹೈನಾನ್ ದ್ವೀಪದಿಂದ ಇತರರಿಗಿಂತ ತಡವಾಗಿ ವಲಸೆ ಬಂದು, ಬ್ರಿಟಿಷರ ಮನೆ, ಹಡಗು, ಹೋಟೆಲುಗಳಲ್ಲಿ ಅಡುಗೆಯವರಾಗಿ ದುಡಿದ ಸಮುದಾಯ ತನ್ನ ಊರಿನ ಕೋಳಿ ಅಡುಗೆಯನ್ನು ಸಿಂಗಪುರದ ರುಚಿಗೆ ಒಗ್ಗಿಸಿದ್ದರ ಫಲ ಇದು. ನೋಡಲು ಬಿಳಿಚಿಕೊಂಡಂತಿರುವ ಈ ತಟ್ಟೆಯಲ್ಲಿ ಕೆಲಸವೆಲ್ಲ ಕಣ್ಣಿಗೆ ಕಾಣದ ಕಡೆ ನಡೆದಿರುತ್ತದೆ. ಇಡೀ ಕೋಳಿಯನ್ನು ಕುದಿ ಬಂದ ನೀರಿನಲ್ಲಿ ಮುಳುಗಿಸಿ, ಉರಿ ತಗ್ಗಿಸಿ, ನೀರು ಮತ್ತೆ ಕೊತಕೊತ ಕುದಿಯದಂತೆ ನೋಡಿಕೊಳ್ಳುತ್ತ ನಿಧಾನವಾಗಿ ಬೇಯಿಸಲಾಗುತ್ತದೆ. ಬೆಂದ ಕೂಡಲೇ ಮಂಜುಗಡ್ಡೆ ಹಾಕಿದ ನೀರಿಗೆ ಅದ್ದುವುದರಿಂದ ಚರ್ಮ ಬಿಗಿದುಕೊಂಡು, ಅದರಡಿಯ ರಸ ನುಣುಪಾದ ಪದರವಾಗಿ ಹೆಪ್ಪುಗಟ್ಟುತ್ತದೆ. ಅಕ್ಕಿಯನ್ನು ಕೋಳಿಯ ಕೊಬ್ಬಿನಲ್ಲಿ ಶುಂಠಿ ಬೆಳ್ಳುಳ್ಳಿಯೊಡನೆ ಹುರಿದು, ಕೋಳಿ ಬೇಯಿಸಿದ ಅದೇ ರಸದಲ್ಲಿ, ಸುವಾಸನೆಗೆ ಪಾಂಡನ್ ಎಲೆ ಹಾಕಿ ಬೇಯಿಸುತ್ತಾರೆ. ಮಳಿಗೆಯ ಗಾಜಿನ ಪೆಟ್ಟಿಗೆಯಲ್ಲಿ ಕೊಕ್ಕೆಗೆ ತೂಗುಹಾಕಿದ ಕೋಳಿಯನ್ನು ತೆಗೆದು, ಮರದ ದಿಮ್ಮಿಯ ಮೇಲಿಟ್ಟು, ಅಗಲ ಕತ್ತಿಯಿಂದ ಟಕಟಕ ಕಡಿದು, ಕತ್ತಿಯ ಚಪ್ಪಟೆ ಬದಿಯಿಂದಲೇ ಒಮ್ಮೆ ಒತ್ತಿ ಸೌತೆಕಾಯಿಯ ಬಿಲ್ಲೆಗಳ ಮೇಲೆ ಜಾರಿಸುವಷ್ಟರಲ್ಲಿ ಪಕ್ಕದವರು ಅನ್ನವನ್ನು ಬಟ್ಟಲಿನಲ್ಲಿ ಅದುಮಿ ತಟ್ಟೆಗೆ ಬೋರಲು ಹಾಕಿರುತ್ತಾರೆ. ಕೆಂಪು ಮೆಣಸಿನ ಹುಳಿಖಾರದ ಗೊಜ್ಜು, ಅರೆದ ಶುಂಠಿ, ದಪ್ಪನೆಯ ಕಪ್ಪು ಸೋಯಾ ರಸ ಇವು ನಂಚಿಕೊಳ್ಳಲು. ಈ ಅಡುಗೆಯನ್ನು ಬಲ್ಲವರು ಮಳಿಗೆಯ ಬೆಲೆಗಟ್ಟುವುದು ಕೋಳಿಯಿಂದಲ್ಲ, ಅನ್ನದಿಂದ.

ಚಾರ್ ಕ್ವೇ ತಿಯಾವ್ ಎಂಬ ತಿನಿಸಿನಲ್ಲಿ ಕೆಲಸವೆಲ್ಲ ಗ್ರಾಹಕನ ಕಣ್ಣೆದುರೇ ನಡೆಯುತ್ತದೆ. ಅಕ್ಕಿಹಿಟ್ಟಿನ ಅಗಲ ಪಟ್ಟಿಯಂಥ ನೂಡಲ್ಸನ್ನು ಹಂದಿಕೊಬ್ಬು, ಮೊಟ್ಟೆ, ಮೊಳಕೆಕಾಳು, ಚೀನೀ ಸಾಸೇಜು, ಚಿಪ್ಪುಜೀವಿಯ ಮಾಂಸ ಮತ್ತು ಸಿಹಿಯಾದ ಕಪ್ಪು ಸೋಯಾ ರಸದೊಡನೆ ದುಂಡುತಳದ ಬಾಣಲೆಯಲ್ಲಿ ಭಾರೀ ಉರಿಯ ಮೇಲೆ ಹುರಿಯುವ ಇದು, ಮೊದಲಲ್ಲಿ ಮೈಮುರಿದು ದುಡಿಯುವವರಿಗೆ ಕಡಿಮೆ ಕಾಸಿನಲ್ಲಿ ಹೊಟ್ಟೆ ತುಂಬಿಸಿದ ಊಟ. ವಾಕ್ ಎಂಬ ಆ ಬಾಣಲೆ ಕಾದು ಹೊಗೆಯಾಡುವ ಹದದಲ್ಲಿದ್ದಾಗ ಪದಾರ್ಥಕ್ಕೆ ಅಂಟುವ ಸುಟ್ಟ ಘಮವನ್ನು ಚೀನೀಯರು ವಾಕ್ ಹೇ ಎನ್ನುತ್ತಾರೆ. ಬಾಣಲೆಗೆ ಒಮ್ಮೆಲೇ ಹೆಚ್ಚು ಸುರಿದರೆ ಶಾಖ ಇಳಿದು, ನೀರುಬಿಟ್ಟು, ನೂಡಲ್ಸ್ ಹುರಿಯುವ ಬದಲು ಬೇಯತೊಡಗುವುದರಿಂದ ಒಳ್ಳೆಯ ಅಡುಗೆಯವರು ಒಂದೆರಡು ತಟ್ಟೆಗಿಂತ ಹೆಚ್ಚು ಒಟ್ಟಿಗೆ ಮಾಡುವುದಿಲ್ಲ. ಯಂತ್ರಕ್ಕೆ ಒಪ್ಪಿಸಲಾಗದ, ಬೇಗ ಮುಗಿಸಲಾಗದ ಈ ದುಡಿಮೆ ಮೂವತ್ತೈದು ಡಿಗ್ರಿ ಸಮೀಪದ ಸೆಕೆಯಲ್ಲಿ ಒಲೆಯ ಮುಂದೆ ದಿನಕ್ಕೆ ಎಂಟು ಹತ್ತು ಗಂಟೆ ನಡೆಯುತ್ತದೆ.

ಊಟದ ಮಳಿಗೆಗಳಲ್ಲಿ ಸಾಮಾನ್ಯವಾಗಿ ಪಾನೀಯ ಸಿಗುವುದಿಲ್ಲ. ಅದಕ್ಕೆ ಬೇರೆಯೇ ಮಳಿಗೆಗಳಿವೆ. ಸಕ್ಕರೆ ಮತ್ತು ಮಾರ್ಗರೀನ್ ಸೇರಿಸಿ ಕಪ್ಪಗೆ ಹುರಿದ ಬೀಜದ ಪುಡಿಗೆ ಬಿಸಿನೀರು ಹೊಯ್ದು, ಕಾಲುಚೀಲದಾಕಾರದ ಉದ್ದ ಬಟ್ಟೆಯಲ್ಲಿ ಸೋಸಿದ ಕಾಫಿಗೆ ಅಲ್ಲಿ ಕೋಪಿ ಎನ್ನುತ್ತಾರೆ. ಬರಿದೇ ಕೋಪಿ ಎಂದರೆ ಗಟ್ಟಿಯಾದ ಸಿಹಿಹಾಲು ಬೆರೆಸಿದ್ದು, ಕೋಪಿ ಓ ಎಂದರೆ ಹಾಲಿಲ್ಲದ ಸಕ್ಕರೆ ಕಾಫಿ, ಕೋಪಿ ಸಿ ಎಂದರೆ ಸಿಹಿಯಿಲ್ಲದ ಗಟ್ಟಿಹಾಲೂ ಸಕ್ಕರೆಯೂ ಬಿದ್ದದ್ದು. ಇವುಗಳ ಹಿಂದೆ ಕೊಸೊಂಗ್ ಸೇರಿದರೆ ಸಕ್ಕರೆ ಬೇಡವೆಂದೂ, ಸಿಯೂ ದಾಯ್ ಸೇರಿದರೆ ಸಿಹಿ ಕಡಿಮೆಯೆಂದೂ, ಗಾವ್ ಸೇರಿದರೆ ಸ್ಟ್ರಾಂಗ್ ಎಂದೂ, ಪೆಂಗ್ ಸೇರಿದರೆ ಮಂಜುಗಡ್ಡೆ ಬೇಕೆಂದೂ ತಿಳಿಯಬೇಕು. ಮಲಯ ಮತ್ತು ಚೀನೀ ನುಡಿಗಳ ಈ ತುಣುಕುಗಳನ್ನು ಯಾವ ಮನೆಮಾತಿನವರಾದರೂ ಒಂದೇ ರೀತಿ ಜೋಡಿಸಿ ಹೇಳುತ್ತಾರೆ.

ಒಂದೇ ಮೇಜಿನ ನಾಲ್ಕು ಪಂಥ

ಹಾಕರ್ ಸೆಂಟರ್‌ನ ತಿನಿಸುಗಳಲ್ಲಿ ಹಲವು ತಮ್ಮ ಮೂಲ ಊರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಳದಿ ನೂಡಲ್ಸನ್ನು ಕೆಂಪು ಖಾರದಲ್ಲಿ ಹುರಿದ ಮೀ ಗೊರೆಂಗ್ ಅನ್ನು ಅಲ್ಲಿ ಹೆಸರುವಾಸಿ ಮಾಡಿದವರು ತಮಿಳು ಮುಸ್ಲಿಮರು; ಅವರ ಪೂರ್ವಿಕರ ಊರುಗಳಲ್ಲಿ ಆ ತಿನಿಸಿಲ್ಲ. ತೆಂಗಿನಹಾಲು, ಒಣಸೀಗಡಿ, ಮಸಾಲೆಗಳ ಸಾರಿನಲ್ಲಿ ಅಕ್ಕಿ ನೂಡಲ್ಸ್ ಹಾಕಿ ಕೊಡುವ ಲಾಕ್ಸಾ, ಚೀನೀ ಮತ್ತು ಮಲಯ ಸಂಪ್ರದಾಯಗಳು ಬೆರೆತ ಪೆರನಾಕನ್ ಮನೆತನಗಳ ಅಡುಗೆ. ಅದರ ಕಾತೋಂಗ್ ಶೈಲಿಯಲ್ಲಿ ನೂಡಲ್ಸನ್ನು ಮೊದಲೇ ತುಂಡರಿಸಿರುವುದರಿಂದ ಬರಿಯ ಚಮಚದಲ್ಲೇ ಉಣ್ಣಬಹುದು. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನಕ್ಕೆ ಹುರಿದ ಪುಟ್ಟ ಮೀನು, ಕಡಲೆಕಾಯಿ, ಖಾರದ ಸಾಂಬಾಲ್ ಜೊತೆಯಾದರೆ ಮಲಯರ ನಾಸಿ ಲೆಮಾಕ್. ಲಿಟ್ಲ್ ಇಂಡಿಯಾದ ತೆಕ್ಕಾ ಸೆಂಟರ್‌ನಲ್ಲಿ ತೊಸೈ ಎಂಬ ಹೆಸರಿನ ದೋಸೆ, ಪದರ ಪದರವಾಗಿ ಬೀಸಿ ಕಾಯಿಸಿದ ರೋಟಿ ಪ್ರಾಟಾ, ಬಿರಿಯಾನಿ ಇವುಗಳ ಸಾಲಿನಲ್ಲೇ ಚೀನೀ ನೂಡಲ್ಸ್ ಮಳಿಗೆಗಳೂ ಇವೆ. ಪುಟು ಮಾಯಮ್ ಎಂದು ಮಾರುವ, ತೆಂಗಿನತುರಿ ಮತ್ತು ಸಕ್ಕರೆಯೊಡನೆ ಕೊಡುವ ತಿಂಡಿಯನ್ನು ಕಂಡರೆ ಕನ್ನಡಿಗರು ಅದನ್ನು ಒತ್ತುಶ್ಯಾವಿಗೆಯೆಂದು ತಕ್ಷಣ ಗುರುತಿಸುತ್ತಾರೆ.

ಒಂದು ಸಮುದಾಯಕ್ಕೆ ನಿಷಿದ್ಧವಾದದ್ದನ್ನು ಇನ್ನೊಂದು ಸಮುದಾಯ ಪಕ್ಕದಲ್ಲೇ ಕುಳಿತು ಉಣ್ಣುವಾಗ ನೆಮ್ಮದಿ ಉಳಿಯಬೇಕಾದರೆ ಪಾತ್ರೆಗಳ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಇಸ್ಲಾಮಿನ ಆಹಾರ ನಿಯಮಕ್ಕೆ ಒಪ್ಪುವ ಹಲಾಲ್ ಮಳಿಗೆಗಳಿಗೆ ಪ್ರಮಾಣಪತ್ರದ ವ್ಯವಸ್ಥೆಯಿದೆ. ಅವುಗಳ ತಟ್ಟೆ ಮತ್ತು ಟ್ರೇಗಳ ಬಣ್ಣ ಬೇರೆ, ಬಳಸಿದ ಮೇಲೆ ಅವನ್ನು ಇಡುವ ಕಪಾಟೂ ಬೇರೆ. ಮೇಜು ಒಂದೇ, ತೊಳೆಯುವ ಸಾಲು ಎರಡು ಎಂಬ ಈ ಸರಳ ಏರ್ಪಾಡು ಸಹಬಾಳ್ವೆಯ ಬಗೆಗಿನ ಎಷ್ಟೋ ಘೋಷಣೆಗಳಿಗಿಂತ ಹೆಚ್ಚು ಕೆಲಸ ಮಾಡಿದೆ.

ಸಸ್ಯಾಹಾರಿಗಳಿಗೆ ಮಾತ್ರ ಇಲ್ಲಿ ಎಚ್ಚರ ಬೇಕು, ಮತ್ತು ಕರ್ನಾಟಕದಿಂದ ಪ್ರವಾಸ ಹೋಗುವ ಅನೇಕರಿಗೆ ಇದು ಮುಖ್ಯ ಸಂಗತಿ. ಕಣ್ಣಿಗೆ ತರಕಾರಿಯಾಗಿ ಕಾಣುವ ತಟ್ಟೆಯಲ್ಲೂ ಹಂದಿಕೊಬ್ಬು, ಒಣಸೀಗಡಿ ಅಥವಾ ಮೀನಿನ ರಸ ಬಿದ್ದಿರಬಹುದು; ಸಾಂಬಾಲ್ ಖಾರಕ್ಕೆ ಸಾಮಾನ್ಯವಾಗಿ ಬೆಲಾಚಾನ್ ಎಂಬ ಸೀಗಡಿಯ ಉಂಡೆಯನ್ನು ಅರೆದು ಹಾಕುತ್ತಾರೆ. ಆದರೆ ಬೌದ್ಧ ಸಂಪ್ರದಾಯದ ಚೀನೀಯರು ನಡೆಸುವ ಸಸ್ಯಾಹಾರದ ಮಳಿಗೆಗಳು ಅನೇಕ ಕೇಂದ್ರಗಳಲ್ಲಿವೆ. ಹುರಿದ ಅಕ್ಕಿಶಾವಿಗೆ, ಎಲೆಕೋಸು, ಸೋಯಾದಿಂದ ಮಾಂಸದ ಹೋಲಿಕೆಗೆ ತಯಾರಿಸಿದ ತುಣುಕುಗಳು ಅಲ್ಲಿ ಸಿಗುತ್ತವೆ. ಆ ಸಂಪ್ರದಾಯದಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯವಾದ್ದರಿಂದ ಅವೆರಡನ್ನೂ ಬಿಟ್ಟವರಿಗೆ ಅಲ್ಲಿ ಅನುಕೂಲವೇ ಹೆಚ್ಚು. ಮೊಟ್ಟೆಯ ವಿಚಾರವನ್ನಷ್ಟೇ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

ಅಗ್ಗದ ಬೆಲೆಯ ಲೆಕ್ಕ

ಜೀವನವೆಚ್ಚದಲ್ಲಿ ಜಗತ್ತಿನ ಅತಿ ದುಬಾರಿ ನಗರಗಳ ಸಾಲಿಗೆ ಸೇರುವ ಸಿಂಗಪುರದಲ್ಲಿ ಒಂದು ತಟ್ಟೆ ಚಿಕನ್ ರೈಸ್ ಇಂದಿಗೂ ಸುಮಾರು 4ರಿಂದ 6 ಸಿಂಗಪುರ ಡಾಲರಿಗೆ ಸಿಗುತ್ತದೆ. ಅಲ್ಲಿನ ಸಾಧಾರಣ ರೆಸ್ಟೋರೆಂಟಿನ ಊಟಕ್ಕೆ ಅದರ ಮೂರು ನಾಲ್ಕು ಪಟ್ಟು ತೆರಬೇಕು. ಈ ಅಂತರಕ್ಕೆ ಮೊದಲ ಕಾರಣ ಬಾಡಿಗೆ. ಬೀದಿಯಿಂದ ಬಂದ ಮೊದಲ ತಲೆಮಾರಿನ ವ್ಯಾಪಾರಿಗಳಿಗೆ ಸರ್ಕಾರ ನಿಗದಿಪಡಿಸಿದ ಸಹಾಯಧನದ ಬಾಡಿಗೆ ಊಟದ ಮಳಿಗೆಯೊಂದಕ್ಕೆ ತಿಂಗಳಿಗೆ 192ರಿಂದ 320 ಡಾಲರ್ ಮಾತ್ರ. ಹೊಸಬರಿಗೆ ಮಳಿಗೆ ಸಿಗುವುದು ಟೆಂಡರಿನ ಮೂಲಕ. 2012ರಿಂದ ಟೆಂಡರಿಗೆ ಕನಿಷ್ಠ ಬೆಲೆಯ ಕಟ್ಟನ್ನು ತೆಗೆದುಹಾಕಿ, ಮಳಿಗೆಯನ್ನು ಮತ್ತೊಬ್ಬರಿಗೆ ಒಳಬಾಡಿಗೆಗೆ ಕೊಡುವುದನ್ನೂ ನಿಲ್ಲಿಸಿದ್ದರಿಂದ ಬೇಡಿಕೆಯಿಲ್ಲದ ಕಡೆ ತೀರ ಕಡಿಮೆ ಮೊತ್ತಕ್ಕೂ ಮಳಿಗೆ ದೊರೆಯುತ್ತದೆ. ಬೇಡಿಕೆಯಿರುವ ಕಡೆ ಇದೇ ಪದ್ಧತಿ ಉಲ್ಟಾ ಹೊಡೆಯುತ್ತದೆ: 2024ರಲ್ಲಿ ಮರೀನ್ ಪೆರೇಡ್‌ನ ಮಳಿಗೆಯೊಂದಕ್ಕೆ ತಿಂಗಳಿಗೆ 10,000 ಡಾಲರಿಗೂ ಮೀರಿದ ಬಾಡಿಗೆಯನ್ನು ಕೂಗಿದ್ದು ದೊಡ್ಡ ಚರ್ಚೆಗೆ ಕಾರಣವಾಯಿತು.

ಎರಡನೆಯ ಕಾರಣ ಮಾಣಿಗಳಿಲ್ಲದಿರುವುದು. ಬಡಿಸುವ ಕೆಲಸವನ್ನು ಗ್ರಾಹಕನೇ ವಹಿಸಿಕೊಂಡಿದ್ದರೂ, ಉಂಡ ತಟ್ಟೆಯನ್ನು ಮೇಜಿನಲ್ಲೇ ಬಿಟ್ಟು ಏಳುವ ರೂಢಿ ಬಹುಕಾಲ ಉಳಿದಿತ್ತು. ಎಂಜಲು ಎತ್ತಲು ವಯಸ್ಸಾದ ಕೆಲಸಗಾರರು ಮೇಜಿನಿಂದ ಮೇಜಿಗೆ ಅಲೆಯಬೇಕಿತ್ತು. ವರ್ಷಗಳ ಮನವೊಲಿಕೆ ಹೆಚ್ಚು ಫಲ ಕೊಡದಿದ್ದಾಗ, ಕೋವಿಡ್ ಕಾಲದ ಶುಚಿತ್ವದ ಕಾಳಜಿಯೂ ಸೇರಿ, 2021ರ ಸೆಪ್ಟೆಂಬರ್ 1ರಿಂದ ಹಾಕರ್ ಸೆಂಟರ್‌ಗಳಲ್ಲಿ ಟ್ರೇ ಮತ್ತು ತಟ್ಟೆಗಳನ್ನು ಹಿಂದಿರುಗಿಸುವುದನ್ನು ಕಡ್ಡಾಯಗೊಳಿಸಲಾಯಿತು. ಮೊದಲ ಸಲ ತಪ್ಪಿದವರಿಗೆ ಲಿಖಿತ ಎಚ್ಚರಿಕೆ, ಎರಡನೆಯ ಸಲಕ್ಕೆ 300 ಡಾಲರ್ ದಂಡ. ವಿಮರ್ಶೆ ಎಷ್ಟೇ ಬಂದರೂ ಜನ ಬೇಗನೆ ಹೊಂದಿಕೊಂಡರು.

ಮೂರನೆಯದು ಕಣ್ಣಿಗೆ ಬೀಳದ ಕಾರಣ: ಹಾಕರ್ ತನ್ನ ದುಡಿಮೆಗೆ ತಾನೇ ಹಾಕಿಕೊಳ್ಳುವ ಕಡಿಮೆ ಬೆಲೆ. ಗಂಡ ಹೆಂಡತಿ ಇಬ್ಬರೇ ನಡೆಸುವ ಮಳಿಗೆಯಲ್ಲಿ ಬೆಳಗಿನ ಜಾವದ ಖರೀದಿಯಿಂದ ರಾತ್ರಿ ಪಾತ್ರೆ ತೊಳೆಯುವವರೆಗಿನ ಕೆಲಸಕ್ಕೆ ಪ್ರತ್ಯೇಕ ಕೂಲಿಯ ಲೆಕ್ಕವಿರುವುದಿಲ್ಲ. ಪದಾರ್ಥದ ಬೆಲೆ ಏರಿದಾಗ ತಟ್ಟೆಯ ಬೆಲೆಯನ್ನು ಐವತ್ತು ಸೆಂಟು ಏರಿಸಿದರೂ ಹಳೆಯ ಗಿರಾಕಿಗಳು ಗೊಣಗುವುದರಿಂದ, ಹೊರೆ ಮೊದಲು ಬೀಳುವುದು ವ್ಯಾಪಾರಿಯ ಮೇಲೆ. ಆಹಾರದಲ್ಲಿ ಶೇ. 90ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶದಲ್ಲಿ ಇಂಥ ಏರಿಳಿತ ತಪ್ಪದು. 2022ರ ಜೂನ್ 1ರಂದು ಮಲೇಷ್ಯಾ ಕೋಳಿಗಳ ರಫ್ತನ್ನು ನಿಲ್ಲಿಸಿದಾಗ ಇದು ಎಲ್ಲರಿಗೂ ಅರಿವಾಯಿತು. ಹಿಂದಿನ ವರ್ಷ ಸಿಂಗಪುರ ತರಿಸಿಕೊಂಡ ಕೋಳಿಯಲ್ಲಿ ಮೂರನೆಯ ಒಂದರಷ್ಟು ಅಲ್ಲಿಂದಲೇ, ಬಹುಪಾಲು ಜೀವಂತವಾಗಿಯೇ, ಬಂದಿತ್ತು. ಹೊಸದಾಗಿ ಕೊಯ್ದ ಕೋಳಿಯನ್ನೇ ನಂಬಿದ್ದ ಚಿಕನ್ ರೈಸ್ ಮಳಿಗೆಗಳು ಶೀತಲೀಕರಿಸಿದ ಕೋಳಿಗೆ ಒಗ್ಗಿಕೊಳ್ಳುವುದೋ, ಮುಚ್ಚಿಡುವುದೋ ಎಂಬ ಇಕ್ಕಟ್ಟಿಗೆ ಸಿಲುಕಿದವು.

ಮನ್ನಣೆ ಮತ್ತು ಮುಂದಿನ ತಲೆಮಾರು

2016ರಲ್ಲಿ ಮಿಶೆಲಿನ್ ಕೈಪಿಡಿಯ ಮೊದಲ ಸಿಂಗಪುರ ಆವೃತ್ತಿ ಎರಡು ಹಾಕರ್ ಮಳಿಗೆಗಳಿಗೆ ಒಂದೊಂದು ತಾರೆ ನೀಡಿದ್ದು ಜಗತ್ತಿನ ಗಮನ ಸೆಳೆಯಿತು. ಅವುಗಳಲ್ಲೊಂದು ಚೈನಾಟೌನ್ ಕಾಂಪ್ಲೆಕ್ಸ್‌ನಲ್ಲಿ ಚಾನ್ ಹಾನ್ ಮೆಂಗ್ ಅವರು ನಡೆಸುತ್ತಿದ್ದ ಸೋಯಾ ರಸದ ಕೋಳಿಯ ಮಳಿಗೆ. ಇನ್ನೊಂದು ಹಂದಿಮಾಂಸದ ನೂಡಲ್ಸಿಗೆ ಹೆಸರಾದ ತಾಯ್ ಹ್ವಾ. ದುಬಾರಿ ಊಟಕ್ಕೆ ಮೀಸಲೆನಿಸಿದ್ದ ತಾರೆಯನ್ನು ಕೆಲವೇ ಡಾಲರಿನ ತಟ್ಟೆಗೆ ಕೊಟ್ಟದ್ದು ಹಾಕರ್ ಕಸುಬಿಗೆ ಗೌರವ ತಂದರೂ, ಗೌರವದಿಂದಲೇ ಉತ್ತರಾಧಿಕಾರಿಗಳು ಹುಟ್ಟುವುದಿಲ್ಲ. ಯುನೆಸ್ಕೊ ಮನ್ನಣೆಯ ಪ್ರಸ್ತಾಪ ಬಂದಾಗ, ಇವೇ ತಿನಿಸುಗಳು ತಮ್ಮಲ್ಲೂ ಇವೆಯೆಂದು ಮಲೇಷ್ಯಾದಲ್ಲಿ ಆಕ್ಷೇಪಗಳೂ ಕೇಳಿಬಂದವು. ನಾಸಿ ಲೆಮಾಕ್ ಮತ್ತು ಹಾಲಿನ ಚಹಾವಾದ ತೆ ತಾರಿಕ್‌ಗಳನ್ನು ಒಳಗೊಂಡ ಮಲೇಷ್ಯಾದ ಉಪಾಹಾರ ಸಂಸ್ಕೃತಿ 2024ರಲ್ಲಿ ಅದೇ ಪಟ್ಟಿಗೆ ಸೇರಿದೆ. ಗಡಿಯ ಎರಡೂ ಕಡೆ ತಿನಿಸು ಸಮಾನವಾಗಿರುವಾಗ, ಸಿಂಗಪುರ ತನ್ನದೆಂದು ಹೇಳಿಕೊಳ್ಳಬಹುದಾದದ್ದು ಅಡುಗೆಗಿಂತ ಹೆಚ್ಚಾಗಿ ಅದನ್ನು ಒದಗಿಸುವ ಏರ್ಪಾಡನ್ನೇ.

ಆ ಏರ್ಪಾಡು ಈಗ ವಯಸ್ಸಿನ ಸಮಸ್ಯೆ ಎದುರಿಸುತ್ತಿದೆ. ಹಾಕರ್‌ಗಳ ಮಧ್ಯಮ ವಯಸ್ಸು 60ರ ಆಸುಪಾಸಿನಲ್ಲಿದೆ, ಅಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಹಿರಿಯರು. ಮಕ್ಕಳನ್ನು ಓದಿಸಿ ಒಲೆಯಿಂದ ದೂರ ಕಳುಹಿಸಬೇಕೆಂದೇ ದುಡಿದವರು ಅವರು, ಮತ್ತು ಅವರ ಬಯಕೆ ಈಡೇರಿದೆ. 1986ರ ಬಳಿಕ ನಿಂತಿದ್ದ ಹೊಸ ಕೇಂದ್ರಗಳ ನಿರ್ಮಾಣವನ್ನು 2011ರಲ್ಲಿ ಮತ್ತೆ ಆರಂಭಿಸುವುದಾಗಿ ಸರ್ಕಾರ ಪ್ರಕಟಿಸಿತು. 2018ರಲ್ಲಿ ಹೊಸಬರು ಕಡಿಮೆ ಬಾಡಿಗೆಯಲ್ಲಿ ಕೆಲಕಾಲ ಕಸುಬನ್ನು ಪರೀಕ್ಷಿಸಿ ನೋಡುವ ಮಳಿಗೆಗಳ ಯೋಜನೆಯೂ, 2020ರಲ್ಲಿ ಹಿರಿಯ ಹಾಕರ್‌ಗಳ ಕೈಕೆಳಗೆ ತರಬೇತಿ ಪಡೆಯುವ ಯೋಜನೆಯೂ ಬಂದವು. 2025ರ ಜನವರಿಯಿಂದ ದೀರ್ಘಾವಧಿ ಭೇಟಿ ಪರವಾನಗಿ ಹೊಂದಿದ ವಿದೇಶಿಯರನ್ನೂ ಸಹಾಯಕರಾಗಿ ನೇಮಿಸಿಕೊಳ್ಳಲು ಅವಕಾಶ ನೀಡಲಾಗಿದೆ. ಕೆಲವು ಹೊಸ ಕೇಂದ್ರಗಳ ನಿರ್ವಹಣೆಯನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಿದ ಪ್ರಯೋಗ ಮಾತ್ರ, ಬಾಡಿಗೆಯ ಮೇಲೆ ಹೇರುವ ಇತರ ಶುಲ್ಕಗಳಿಂದಾಗಿ 2018ರಲ್ಲಿ ಸಂಸತ್ತಿನವರೆಗೂ ಟೀಕೆಗೆ ಗುರಿಯಾಯಿತು.

ಈ ಯೋಜನೆಗಳು ಕಸುಬನ್ನು ಕಲಿಯುವ ದಾರಿಯನ್ನು ಸುಗಮಗೊಳಿಸಬಲ್ಲವೇ ಹೊರತು ತಟ್ಟೆಯ ಲೆಕ್ಕವನ್ನು ಬದಲಿಸಲಾರವು. ಮೊದಲ ತಲೆಮಾರು ನಿವೃತ್ತವಾದಂತೆ ಸಹಾಯಧನದ ಬಾಡಿಗೆಯೂ ಅವರೊಂದಿಗೆ ಮುಗಿಯುತ್ತದೆ. ಅವರ ಜಾಗಕ್ಕೆ ಬರುವ ಓದಿದ ಯುವಕರು ತಮ್ಮ ದುಡಿಮೆಗೆ ಕಚೇರಿಯಲ್ಲಿ ಸಿಗಬಹುದಾಗಿದ್ದ ಸಂಬಳವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ನ್ಯಾಯವೇ. ಆಗ ನಾಲ್ಕು ಡಾಲರಿನ ಊಟ ಉಳಿಯಬೇಕಾದರೆ ಬೊಕ್ಕಸ ಇನ್ನಷ್ಟು ಹೊರಬೇಕು, ಇಲ್ಲವೇ ಉಣ್ಣುವವರು ಹೆಚ್ಚು ಕೊಡಬೇಕು, ಇಲ್ಲವೇ ಕೇಂದ್ರೀಯ ಅಡುಗೆಮನೆಯಲ್ಲಿ ತಯಾರಾದ ಸಾರು ಮತ್ತು ಮಸಾಲೆಗಳನ್ನು ಮಳಿಗೆಯಲ್ಲಿ ಬಿಸಿಮಾಡಿ ಬಡಿಸುವುದನ್ನು ಒಪ್ಪಿಕೊಳ್ಳಬೇಕು. ಹಳೆಯ ಒಪ್ಪಂದದಲ್ಲಿ ಹೆಚ್ಚು ಭಾರವನ್ನು ಹೊತ್ತದ್ದು ಒಲೆಯ ಮುಂದೆ ನಿಂತವರು. ಹಾಕರ್ ಸೆಂಟರ್ ಮುಂದಿನ ಐವತ್ತು ವರ್ಷವೂ ನಗರದ ಊಟದ ಮನೆಯಾಗಿ ಉಳಿಯುವುದೋ, ಪ್ರವಾಸಿಗರ ತಾಣವಾಗಿ ಮಾರ್ಪಡುವುದೋ ಎಂಬುದು ಆ ಭಾರವನ್ನು ಉಳಿದಿಬ್ಬರು ಎಷ್ಟರಮಟ್ಟಿಗೆ ಹಂಚಿಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ.